ಗಂಜಿ ಕುಡಿದ ಸ್ಪೀಕರು

ಲಕ್ಷ್ಮೇಶ್ವರದ ಬಜಾರಿನಲ್ಲಿ ಅಬ್ದುಲಗನಿಯ ರೇಡಿಯೋ, ಸ್ಪೀಕರು ರಿಪೇರಿ ಅಂಗಡಿಯಿತ್ತು. ಅಂಗಡಿ ಅಬ್ದುಲಗನಿಯದು ಅನ್ನುವುದು ಬೋರ್ಡಿನ ಮಟ್ಟಿಗೆ ಖರೆ. ಅವನ ಕಣ್ಣು ಮಂಜಾದ ಮೇಲೆ ಕೆಲಸವೆಲ್ಲ ಹೆಂಡತಿ ದಿಲಶಾದಬಿಯ ಪಾಲಿಗೆ ಬಂದಿತ್ತು. ಅವಳು ಬೆಟಗೇರಿಯ ನೇಕಾರರ ಮನೆಯ ಮಗಳು. ತಾಯಿ ಖಾತುನಬಿಯ ಪಕ್ಕದಲ್ಲಿ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತಿ ಬೆಳೆದವಳಿಗೆ ಸ್ಪೀಕರಿನ ಸುರುಳಿಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವುದು ಏನು ಮಹಾ? ಆದರೂ ಹೊಸ ಗಿರಾಕಿಗಳು ಬಂದು ಅವಳನ್ನೇ ಕೇಳುತ್ತಿದ್ದರು: "ಮಾಲಕರು ಎಲ್ಲದಾರ?" ಇಂಥವರ ಜೊತೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಅವಳು ಗಂಡನ ಕಡೆ ಬೊಟ್ಟು ಮಾಡಿ ತನ್ನ ಕೆಲಸಕ್ಕೆ ಹತ್ತುತ್ತಿದ್ದಳು.

೧೯೮೬ರ ಮಳೆಗಾಲದಲ್ಲಿ ಶಿರಹಟ್ಟಿಯ ಅಂದಪ್ಪನ ಎರಡು ದೊಡ್ಡ ಸ್ಪೀಕರುಗಳು ನೆನೆದು ಹಾಳಾದವು. ಅಂದಪ್ಪ ಮದುವೆ, ನಾಟಕಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವವನು. ಅಂಗಡಿಯ ಅರ್ಧ ಕೆಲಸ ಅವನಿಂದಲೇ ಬರುತ್ತಿತ್ತು. ದಿಲಶಾದಬಿ ಹೊಸ ಸುರುಳಿ, ಅದರೊಡನೆ ಅಲುಗಿ ದನಿ ಹೊರಡಿಸುವ ಹೊಸ ಕಾಗದದ ಕೋನು ಹಾಕಿ ಕೊಟ್ಟಳು. ಡಂಬಳದ ಮದುವೆಯೊಂದು ಮುಗಿದದ್ದೇ ಅಂದಪ್ಪ ಅವನ್ನು ಹೊತ್ತುಕೊಂಡು ವಾಪಸು ಬಂದ.

"ಡೊಳ್ಳು ಬಡದ್ರ ಡಬ್ಬಿ ಬಡದಂಗ ಕೇಳತೈತಿ ಯವ್ವಾ!"

ಬಿಚ್ಚಿ, ಮತ್ತೆ ಕೂಡಿಸಿ ಕೊಟ್ಟಳು. ಈ ಸಲ ಮೊದಲಿಗಿಂತ ಕೆಟ್ಟಿತು. "ಇನ್ನೊಂದ ಸಲ ನೋಡ್ತೀನಿ," ಅಂದ ಅಂದಪ್ಪ. "ಆಗಲಿಲ್ಲಂದ್ರ ನನ್ನ ಸ್ಪೀಕರೆಲ್ಲಾ ಹುಬ್ಬಳ್ಳಿಗೆ ಒಯ್ಯಾಂವ. ಸಿಟ್ಟಾಗಬ್ಯಾಡ." ಅವನು ಹೋದರೆ ಉಳಿದ ಮೈಕ್‌ಸೆಟ್ಟಿನವರೂ ಅವನ ಬೆನ್ನು ಹತ್ತುತ್ತಾರೆ, ಅಂಗಡಿ ಮುಚ್ಚಬೇಕಾಗುತ್ತದೆ ಎಂದು ದಿಲಶಾದಬಿಗೆ ಗೊತ್ತಿತ್ತು. ಅಬ್ದುಲಗನಿ ಮೆಲ್ಲಗೆ, "ನನ್ನ ಕಣ್ಣರ ನೆಟ್ಟಗಿದ್ದಿದ್ರ..." ಅಂದ. ಅಂದಪ್ಪನ ಮಾತಿಗಿಂತ ಅದೇ ಅವಳಿಗೆ ಹೆಚ್ಚು ನಾಟಿತು.

ಆ ಭಾನುವಾರ ಪಾಂಡುರಂಗ ಮಾಸ್ತರರು ತಮ್ಮ ರೇಡಿಯೋ ಒಯ್ಯಲು ಬಂದರು. ಗದಗಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವರು, ಸ್ವಂತ ಮನೆ ಲಕ್ಷ್ಮೇಶ್ವರದಲ್ಲಿ. ಸ್ಪೀಕರಿನ ಕಥೆ ಕೇಳಿ ಅವರ ಮುಖ ಅರಳಿತು. ಪರರ ಕಷ್ಟ ಕೇಳಿ ಹೀಗೆ ಹಿಗ್ಗುವವರು ಮಾಸ್ತರರಲ್ಲಿ ಮಾತ್ರ ಸಿಗುತ್ತಾರೆ.

"ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂದದ್ರೀ. ಸ್ಪೀಕರಿನ ಜಾತಕ ತಗಿಯೂ ಪ್ರೋಗ್ರಾಮ್ ನಾನ ಬರದೀನಿ, ನೋಡಾಕ ಸ್ಪೀಕರ್ ಇಲ್ಲ! ನೀವು ರಿಪೇರಿ ಮಾಡಿದ್ದೊಂದು, ಅದ ಜಾತಿದು ಬಿಚ್ಚಲಾರದ್ದೊಂದು, ಎರಡೂ ತಗೊಂಡು ಬರ್ರಿ."

ಬಿಚ್ಚದ ಸ್ಪೀಕರೊಂದನ್ನು ಅಂದಪ್ಪನಿಂದಲೇ ಕೇಳಿ ತಂದು ಗಂಡ ಹೆಂಡತಿ ಗದಗಿನ ಬಸ್ಸು ಹತ್ತಿದರು, ಇಬ್ಬರ ತೊಡೆಯ ಮೇಲೂ ಕೂಸಿನ ಹಾಗೆ ಚಾದರ ಸುತ್ತಿದ ಒಂದೊಂದು ಸ್ಪೀಕರು.

ಮಾಸ್ತರರು ಸ್ಪೀಕರಿಗೆ ಸಣ್ಣಗೆ ದನಿ ಕೊಟ್ಟು, ದಪ್ಪ ದನಿಯಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಏರಿಸುತ್ತ ಹೋದರು. ಪ್ರತಿ ದನಿಗೂ ಸ್ಪೀಕರು ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಮೀಟರಿನಲ್ಲಿ ನೋಡಿ ಕಂಪ್ಯೂಟರಿಗೆ ತುಂಬಿದರು. ಆಮೇಲೆ ತೂಗಿಟ್ಟ ಮೇಣದ ಉಂಡೆಯನ್ನು ಕೋನಿನ ಮೇಲೆ ಅಂಟಿಸಿ ಮತ್ತೆ ಮೊದಲಿನಿಂದ ಶುರು.

"ಇದೇನ್ರಿ ಮಾಸ್ತರ, ದೃಷ್ಟಿ ತಗೀತೀರೇನು?" ಎಂದಳು ದಿಲಶಾದಬಿ.

"ಹಂಗs ತಿಳೀರಿ! ಇಷ್ಟು ತೂಕಕ್ಕ ದನಿ ಎಷ್ಟು ಇಳೀತದ ಅನ್ನೂದರ ಮ್ಯಾಲೆ ಒಳಗಿಂದೆಲ್ಲಾ ಲೆಕ್ಕ ಸಿಗ್ತದ."

ಕಂಪ್ಯೂಟರಿಗೆ ಜೋಡಿಸಿದ ಟಿ.ವಿ.ಯ ಮೇಲೆ, ಸ್ಪೀಕರಿಗೊಂದರಂತೆ, ಆ ಅಳತೆಗಳ ಗೆರೆ ಎರಡು ಗುಡ್ಡಗಳಾಗಿ ಮೂಡಿತು. ಬಿಚ್ಚದ ಸ್ಪೀಕರಿನ ಗುಡ್ಡ ಎಡಕ್ಕೆ, ದಪ್ಪ ದನಿಗಳ ಕಡೆ ಇತ್ತು. ಅವಳ ಸ್ಪೀಕರಿನದು ಬಲಕ್ಕೆ ಸರಿದು ಒಂಟಿಯಾಗಿ ನಿಂತಿತ್ತು. ತನ್ನ ಕೈ ಸರಿಯಿಲ್ಲ ಎಂದು ಯಂತ್ರವೂ ಹೇಳಿಬಿಟ್ಟಿತು ಅಂದುಕೊಂಡು ಅವಳು ಚಾದರ ಮಡಚತೊಡಗಿದಳು.

"ಕುಂಡ್ರಿ, ಪೂರ್ತಿ ಓದೂಣು," ಎಂದರು ಮಾಸ್ತರರು. "ಸುರುಳಿ, ಕಂಪನಿದಕ್ಕ ಸರಿಸಾಟಿ. ಕೋನಿನ ತೂಕ ಸರಿ. ಅಯಸ್ಕಾಂತದ ಜೋರು ಸರಿ. ಸುರುಳಿನ ನಡುವ ಹಿಡದಿಡೂ ಆ ಮಡಿಕಿ ಬಟ್ಟಿ ಅದ ಅಲ್ರೀ, ಅದೊಂದ ಬಾಳ ಬಿಗಿ ಆಗೇದ. ಕೋನಿಗೆ ಅಲುಗಾಡಾಕ ಬಿಡವಲ್ದು. ಏನರೆ ಹಚ್ಚೀರೇನು?"

ದಿಲಶಾದಬಿಯ ಕೈ ನಿಂತಿತು. "ಗಂಜಿ," ಎಂದಳು.

ಮಳೆಗಾಲದ ತಂಪಿಗೆ ಬಟ್ಟೆ ಜೋತುಬೀಳದಿರಲಿ ಎಂದು, ಮಗ್ಗಕ್ಕೆ ಏರಿಸುವ ನೂಲಿಗೆ ತಾಯಿ ಹಚ್ಚುತ್ತಿದ್ದ ಹಾಗೆಯೇ ಹಚ್ಚಿದ್ದಳು. ಅಂದಪ್ಪ ಡಬ್ಬಿ ಅಂದಾಗ ಗಟ್ಟಿ ಸಾಲಲಿಲ್ಲವೇನೋ ಎಂದು ಇನ್ನೊಂದು ಕೈ ಬಳಿದಿದ್ದಳು.

"ಮನ್ಯಾಗ ನನಗs ಗಂಜಿ ಇಲ್ಲ, ಸ್ಪೀಕರಿಗೆ ಕುಡಿಸ್ಯಾಳ ನೋಡ್ರಿ!" ಎಂದ ಅಬ್ದುಲಗನಿ. ಮೂವರೂ ನಕ್ಕರು. ದಿಲಶಾದಬಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು, ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ.

"ತಪ್ಪು ಹೇಳಾವ್ರು ಬಾಳ ಮಂದಿ ಅದಾರ್ರಿ ಮಾಸ್ತರ," ಎಂದಳು ಸೆರಗಿನಿಂದ ಮುಖ ಒರೆಸಿಕೊಂಡು. "ನನ್ನ ಕೈಯಾಗ ಸರಿ ಯಾವುದೈತಿ ಅಂತ ಹೇಳಿದವರು ನೀವೊಬ್ರs."

ಊರಿಗೆ ಬಂದು ಎರಡೂ ಸ್ಪೀಕರಿಗೆ ಹೊಸ ಮಡಿಕೆ ಬಟ್ಟೆ ಕೂಡಿಸಿದಳು, ಗಂಜಿ ಮುಟ್ಟಲಿಲ್ಲ. ಅಂದಪ್ಪ ಅಂಗಡಿಯ ಮುಂದೆಯೇ ಡೊಳ್ಳಿನ ಕ್ಯಾಸೆಟ್ ಹಾಕಿದ. ಪಕ್ಕದ ಚಹಾದಂಗಡಿಯ ಗ್ಲಾಸುಗಳು ಗಲಗಲ ಅಂದವು. ಅವನೇನು ತಪ್ಪಾಯಿತು ಅನ್ನಲಿಲ್ಲ, ಅದು ಅವನ ಜಾಯಮಾನವಲ್ಲ. ಮರುದಿನ ಇನ್ನೆರಡು ಸ್ಪೀಕರು ತಂದು ಇಟ್ಟು ಹೋದ. ಅಂದಿನಿಂದ ರಂಜಾನ್ ಹಬ್ಬದ ಹಾಲು-ಶಾವಿಗೆಯ ಸುರಕುಂಬಾ ಮೊದಲು ಹೋಗುತ್ತಿದ್ದುದು ಮಾಸ್ತರರ ಮನೆಗೆ. ನಮಾಜು ಮುಗಿಸಿ ದುವಾ ಕೇಳುವಾಗ ಅವರ ಹೆಸರನ್ನು ಅವಳು ಎಂದೂ ಮರೆತವಳಲ್ಲ.

ಗದಗಿನಿಂದ ಬಂದ ಆ ವಾರವೇ ಮುಂಡರಗಿಯ ಹೊಸ ಗಿರಾಕಿಯೊಬ್ಬ ಅಂಗಡಿ ಹತ್ತಿ ಕೇಳಿದ: "ಮಾಲಕರು ಎಲ್ಲದಾರ?"

ದಿಲಶಾದಬಿ ವಾಡಿಕೆಯಂತೆ ಬೊಟ್ಟು ಎತ್ತಿದಳು. ಅಷ್ಟರಲ್ಲಿ ಅಬ್ದುಲಗನಿ, ಕಣ್ಣು ಮಂಜಾಗಿದ್ದರೂ ಅವಳು ಕೂತ ಕಡೆಗೇ ಸರಿಯಾಗಿ ಕೈ ತೋರಿಸಿದ್ದ.

"ಅಲ್ಲಿ ಕುಂತಾರ ನೋಡ್ರಿ."