ಹೆಸರು ಹಿಡಿದು ಕರೆದ ವೈನಿ

ಹೋದ ವಾರ ನಮ್ಮ ಕಾರ್ಖಾನೆಯ ಹಿಂದಿನ ಗೋದಾಮಿನ ಬೀಗ ತೆಗೆಸಿದೆವು. ಮಳೆಗಾಲ ಪೂರ್ತಿ ಬೀಗ ಹಾಕಿದ್ದ ಕೋಣೆ. ಶಟರ್ ಅರ್ಧ ಏರುವಷ್ಟರಲ್ಲಿ ಒಳಗಿನಿಂದ ಬಾವಲಿ ಹಿಕ್ಕೆಯ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಜೊತೆಗಿದ್ದ ಹುಡುಗಿಯರು ಮೂಗಿಗೆ ಓಢಣಿ ಹಿಡಿದು ಹಿಂದೆ ಸರಿದರು. ನಾನು ಮಾತ್ರ ಒಳಗೆ ಹೆಜ್ಜೆಯಿಟ್ಟು, ಬಾಯಿ ತೆರೆದು, ಒಬ್ಬ ಗಂಡಸಿನ ಹೆಸರನ್ನು ಕೂಗಲು ಹೊರಟಿದ್ದೆ. ತುಟಿಯವರೆಗೆ ಬಂದದ್ದನ್ನು ಹೇಗೋ ನುಂಗಿಕೊಂಡೆ. ಇಲ್ಲದಿದ್ದರೆ ಕುಂಡಯಿಯ ಕಾರ್ಖಾನೆಗಳ ತುಂಬ ಅದೇ ಸುದ್ದಿಯಾಗುತ್ತಿತ್ತು.

ಅದು ನನ್ನ ಗಂಡನ ಹೆಸರಲ್ಲ. ಒಂದು ಕಾಲದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ವೈನಿಯ ಗಂಡನ ಹೆಸರು. ವೈನಿ ಅಂದರೆ ಅತ್ತಿಗೆ, ನಮ್ಮ ಕಡೆ ಅಕ್ಕಪಕ್ಕದ ಮದುವೆಯಾದ ಹೆಂಗಸರನ್ನೆಲ್ಲ ಹಾಗೇ ಕರೆಯುವುದು.

ಆಗ ನಾವು ಗೋವೆಯ ಫೋಂಡಾ ಹತ್ತಿರದ ಒಂದು ಚಾಳಿನಲ್ಲಿದ್ದೆವು. ತಗಡಿನ ಮಾಡು, ಎಲ್ಲರಿಗೂ ಸೇರಿ ಒಂದೇ ನಲ್ಲಿ, ಸುತ್ತಲೂ ಬಿಜಾಪುರ ಕಡೆಯ ಮಂದಿ. ವೈನಿ ಮತ್ತು ಅವಳ ಗಂಡ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅವಳು ಎತ್ತರದ ಹೆಂಗಸು, ತಲೆಯ ಮೇಲೆ ಜಲ್ಲಿ ಬುಟ್ಟಿ ಇಲ್ಲದಾಗಲೂ ಇದ್ದ ಹಾಗೆಯೇ ನೆಟ್ಟಗೆ ನಡೆಯುತ್ತಿದ್ದಳು. ಒಂದು ಬೆಳಿಗ್ಗೆ ಅವಳಿಗೆ ಜ್ವರವಿತ್ತು. ಗಂಡ ಒಬ್ಬನೇ ಡಬ್ಬಿ ಹಿಡಿದು ಕೆಲಸಕ್ಕೆ ಹೋದ. ಹೋದವನು ಹೋದ... ಸಂಜೆ ಬರಲಿಲ್ಲ. ಮರುದಿನ ವಿಚಾರಿಸಿದರೆ ಕೆಲಸದ ಜಾಗಕ್ಕೂ ಬಂದಿಲ್ಲವಂತೆ. ಜಗಳವಿರಲಿಲ್ಲ, ಕುಡಿತವಿರಲಿಲ್ಲ. ಠಾಣೆಗೆ ಹೇಳಿ ಬಂದದ್ದಾಯಿತು, ದೇವರಿಗೆ ಹರಕೆ ಹೊತ್ತದ್ದೂ ಆಯಿತು.

ಆಮೇಲೆ ಶುರುವಾದವು ಕಂಡವರ ಮಾತುಗಳು. ಅವನಂಥವನೇ ಒಬ್ಬ ಖಾಂಡೇಪಾರದ ಗವಿಗಳಲ್ಲಿ ಮಲಗಿದ್ದನಂತೆ. ಇಲ್ಲ, ಹರವಳೆಯ ಗವಿಯ ಬಳಿ ಬೈರಾಗಿಗಳ ಜೊತೆ ಕೂತಿದ್ದನಂತೆ. ಅದೂ ಅಲ್ಲ, ದಿವಾಡಿ ನಡುಗಡ್ಡೆಯಲ್ಲಿ ಮೀನುಗಾರರ ದೋಣಿಯ ಮೇಲೆ ದುಡಿಯುತ್ತಿದ್ದಾನಂತೆ. ವೈನಿಗೆ ಕೊಂಕಣಿ ಬಾರದು. ನಾನು ಇಲ್ಲೇ ಶಾಲೆ ಕಲಿತವಳು, ಆಗಷ್ಟೇ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೆ. ಹಾಗಾಗಿ ಭಾನುವಾರ ಬಂತೆಂದರೆ ವೈನಿ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬೇರೆ ದಿನವಾದರೆ ಹೊಸ್ತಿಲು ದಾಟಲು ಬಿಡದ ನಮ್ಮವ್ವ, ಈ ಕೆಲಸಕ್ಕೆ ಬೇಡ ಎನ್ನಲಾರದೆ ಕಳಿಸುತ್ತಿದ್ದಳು. ನಿಜ ಹೇಳುತ್ತೇನೆ, ನನಗಂತೂ ಹಬ್ಬ. ಆ ವಯಸ್ಸಿನಲ್ಲಿ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಈಗಲೂ ಅಷ್ಟೆ.

ಮೊದಲು ಹೋದದ್ದು ಖಾಂಡೇಪಾರಕ್ಕೆ. ಹೊಳೆಯ ಹತ್ತಿರದ ಗಿಡಗಳ ನಡುವೆ, ಕೆಂಪುಕಲ್ಲಿನಲ್ಲಿ ಎಂದೋ ಯಾರೋ ಕೊರೆದ ಗವಿಗಳು. ಒಂದರ ಚಾವಣಿಯಲ್ಲಿ ಕಮಲದ ಹೂವಿದೆ. ಪಾಂಡವರು ಇದ್ದ ಜಾಗ ಎಂದು ದಾರಿಯಲ್ಲಿ ಸಿಕ್ಕ ಮುದುಕ ಹೇಳಿದ. ಒಳಗೆ ತಣ್ಣಗೆ, ಕತ್ತಲು, ಬಾವಲಿ ವಾಸನೆ. ವೈನಿ ಹೊರಗೇ ನಿಂತು ನನ್ನ ಬೆನ್ನು ತಳ್ಳಿದಳು.

"ನೀ ಕರಿಯವಾ."

"ನೀವ ಕರೀರಿ ವೈನಿ. ನಿಮ್ಮ ದನಿ ಅಂದ್ರ ಗುರ್ತ ಹಿಡಿತಾರ."

"ನಾ ಹೆಂಗ ಕರೀಲಿ? ಗಂಡನ ಹೆಸರ ಹಿಡದ್ರ ಆಯುಷ್ಯ ಕಮ್ಮಿ ಆಗತೈತಿ."

ನಮ್ಮ ಕಡೆ ಇದು ಹೊಸತೇನಲ್ಲ. ನಮ್ಮವ್ವನೂ ಅಪ್ಪನ ಹೆಸರು ಹೇಳಿದವಳಲ್ಲ. ಮದುವೆ, ಸೀಮಂತದಲ್ಲಿ ಹೆಂಗಸರು ಸೇರಿ ಕಾಡಿದಾಗ ಒಡಪಿನ ಪ್ರಾಸದ ಸಾಲಿನ ನಡುವೆ ಸಿಕ್ಕಿಸಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಕಳೆದುಹೋದವನನ್ನು ಹುಡುಕಲು ಹೊರಟವಳು ಒಡಪು ಹಾಕುತ್ತ ಕೂರಲಾದೀತೆ? ನಾನೇ ಅವನ ಹೆಸರಿಗೆ ಅಣ್ಣ ಸೇರಿಸಿ ಗವಿಯೊಳಗೆ ಕೂಗಿದೆ. ಬಾವಲಿಗಳು ದಡಬಡಿಸಿ ಎದ್ದು ನಮ್ಮ ತಲೆಯ ಮೇಲಿಂದಲೇ ಹಾರಿದವು. ಮತ್ತಾರೂ ಓಗೊಡಲಿಲ್ಲ.

ಹೀಗೆಯೇ ಹರವಳೆಯಲ್ಲೂ ಆಯಿತು. ಅಲ್ಲಿನ ಗವಿಗಳಲ್ಲಿ ಲಿಂಗಗಳಿವೆ. ವೈನಿ ಒಂದೊಂದಕ್ಕೂ ಅಡ್ಡಬಿದ್ದಳು, ನಾನು ಒಂದೊಂದರಲ್ಲೂ ಕೂಗಿದೆ. ಬೈರಾಗಿಗಳು ಯಾರೂ ಇರಲಿಲ್ಲ. ರೊಟ್ಟಿ ತಿನ್ನುತ್ತ ಅವಳು ಗವಿಯನ್ನು ಒಳಹೊರಗೆ ನೋಡಿ, ಒಂದು ಒಲೆ ಹೂಡಿದರೆ ಇಲ್ಲೇ ಸಂಸಾರ ಮಾಡಬಹುದು, ಬಾಡಿಗೆ ಕೇಳುವವರಿಲ್ಲ ಎಂದಳು. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಮರುಕ್ಷಣ ಎದ್ದು ನಿಂತಳು. ಅವಳಿಗೆ ಎಲ್ಲಿಯೂ ಕೂರಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ಕಂಬ ಹಿಡಿದು ನಿಂತೇ ಕಿಟಕಿಯಾಚೆ ಮುಖಗಳನ್ನು ನೋಡುತ್ತಿದ್ದಳು.

ದಿವಾಡಿಗೆ ಹೋದದ್ದು ಮಳೆಗಾಲಕ್ಕೆ ಸ್ವಲ್ಪ ಮೊದಲು. ಹಳೆ ಗೋವೆಯ ಧಕ್ಕೆಯಲ್ಲಿ ಫೆರಿ ಹತ್ತಿದೆವು. ಅಷ್ಟು ನೀರನ್ನು ಅಷ್ಟು ಹತ್ತಿರದಿಂದ ವೈನಿ ಕಂಡಿರಲಿಲ್ಲ, ಆದರೂ ಹೆದರಲಿಲ್ಲ. ಫೆರಿಯ ತುದಿಯಲ್ಲಿ ನಿಂತು ಆಚೆ ದಂಡೆಯನ್ನೇ ನೋಡುತ್ತಿದ್ದಳು. ಇಳಿದ ಮೇಲೆ ಬಿಸಿಲಲ್ಲಿ ಬಹಳ ನಡೆದೆವು. ಗದ್ದೆ ಮುಗಿದಲ್ಲಿ ನೀರು, ನೀರಿನ ಅಂಚಿಗೆ ಮೀನುಗಾರರ ಕೆಲವು ಮನೆಗಳು. ಬಲೆಗಳನ್ನು ಹರವಿದ್ದರು, ತಟ್ಟಿನ ಮೇಲೆ ಸಿಗಡಿ ಒಣಗುತ್ತಿತ್ತು. ವೈನಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಆಮೇಲೆ ಮರ್ಯಾದೆಯಲ್ಲ ಎಂದುಕೊಂಡಳೋ ಏನೋ, ತೆಗೆದಳು.

ನೆರಳಲ್ಲಿ ಚಿಪ್ಪು ಒಡೆಯುತ್ತಿದ್ದ ಹೆಂಗಸರು ನಮಗೆ ನೀರು ಕೊಟ್ಟರು. ನೀವು ಹುಡುಕುತ್ತಿರುವವನ ಹೆಸರೇನು ಎಂದು ವೈನಿಯನ್ನೇ ಕೇಳಿದರು. ಅವಳು ಎಂದಿನಂತೆ ನನ್ನ ಮುಖ ನೋಡಿದಳು, ನಾನು ಹೇಳಿದೆ. ಘಾಟಿನ ಮೇಲಿನ, ನಿಮ್ಮ ಕಡೆಯ ಒಬ್ಬ ಕೆಲಸಕ್ಕೆ ಇದ್ದಾನೆ, ಹೆಸರು ಗೊತ್ತಿಲ್ಲ, ಕೊನೆಯ ಮನೆಯಲ್ಲಿ ಕೇಳಿ ಎಂದರು. ವೈನಿ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟಳು. ಅವಳನ್ನು ದಂಡೆಯಲ್ಲಿ ನಿಲ್ಲಿಸಿ ನಾನು ಕೊನೆಯ ಮನೆಗೆ ಓಡಿದೆ.

ಆ ಮನೆಯ ಬಾಗಿಲು ತಟ್ಟುತ್ತಿರುವಾಗಲೇ ಕೇಳಿಸಿತು. ಹೆಸರು. ಬರೀ ಹೆಸರು. ಮುಂದೆ ‘ಇವರೇ’ ಇಲ್ಲ, ಹಿಂದೆ ‘ರೀ’ ಇಲ್ಲ. ಹೆಣ್ಣು ದನಿಯೊಂದು ಗಂಟಲು ಹರಿಯುವಂತೆ ಕೂಗುತ್ತಿತ್ತು. ತಿರುಗಿ ಓಡಿ ಬಂದೆ. ವೈನಿ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದಳು. ದೂರದಲ್ಲಿ ಒಂದು ದೋಣಿ ಹೊರಟಿತ್ತು, ಅದರಲ್ಲಿ ನಮಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದವನ ಹೆಗಲು, ತಲೆಗೆ ಸುತ್ತಿದ ವಸ್ತ್ರ ಎಲ್ಲ ಅವನದೇ. ಅವಳು ಇನ್ನೊಮ್ಮೆ ಕೂಗಿದಳು. ದೋಣಿಯವನು ಹುಟ್ಟು ನಿಲ್ಲಿಸಿ ತಿರುಗಿದ.

ಅವನಲ್ಲ. ಮೀಸೆ ಕೂಡ ಸರಿಯಾಗಿ ಮೂಡದ ಯಾರದೋ ಮಗ. ಆ ಹೆಂಗಸರು ಹೇಳಿದ ಕೆಲಸದವನು ಇವನೇ.

ಫೆರಿಯಲ್ಲಿ ಮರಳುವಾಗ ಅವಳು ಮೊದಲ ಸಲ ಕೂತಲ್ಲೇ ಕೂತಳು. ಕಾಲಿನ ಕೆಸರು ಒಣಗಿ ಬಿರಿಯುತ್ತಿತ್ತು. ಅದನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು:

"ನಾ ಅವರನ್ನ ಕೊಂದ್ನೇನವಾ?"

ನಾನು ಏನೇನೋ ಹೇಳಿದೆ. ಅದೆಲ್ಲ ಮೂಢನಂಬಿಕೆ ಎಂದೆ, ಶಾಲೆಯಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಅವಳಿಗೆ ಒಂದೂ ಹತ್ತಲಿಲ್ಲ. ಆ ಮಳೆಗಾಲ ಅವಳು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಭಾನುವಾರಗಳು ನಿಂತವು. ಹುಡುಕಿದರೆ ಸಿಗುವುದು ಹೆಣವೋ ಏನೋ ಎಂಬ ಭಯ. ಚಾಳಿನ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದಳು, ತುಂಬಿದ ಕೊಡ ಚೆಲ್ಲಿ ಮತ್ತೆ ನಲ್ಲಿಗೆ ಹೋಗುತ್ತಿದ್ದಳು. ಯಾರಾದರೂ ಗಂಡಸರು ಬಾಗಿಲಿಗೆ ಬಂದರೆ ಸುದ್ದಿ ತಂದರೆಂದು ಬೆಚ್ಚುತ್ತಿದ್ದಳು. ನನಗೂ ಮನೆಯಲ್ಲಿ ಕೂತಲ್ಲಿ ಕೂರಲಾಗದು. ಅವಳ ಮೇಲೆ ಕನಿಕರ, ಜೊತೆಗೆ ಸಿಟ್ಟು. ಎಲ್ಲಿದ್ದಾನೋ ಆ ಮನುಷ್ಯ, ಇವಳು ಇಲ್ಲಿ ಅವನ ಆಯುಷ್ಯದ ಲೆಕ್ಕ ಹಾಕುತ್ತಿದ್ದಾಳೆ!

ಗಣಪತಿ ಹಬ್ಬ ಕಳೆದ ಮೇಲೆ ಒಂದು ಸಂಜೆ ಅವನು ಬಂದ. ಅದೇ ಡಬ್ಬಿ ಕೈಯಲ್ಲಿ. ಸ್ವಲ್ಪ ಸೊರಗಿದ್ದ, ಅಷ್ಟೆ. ರತ್ನಾಗಿರಿ ಕಡೆ ಮಾವಿನ ತೋಟದಲ್ಲಿದ್ದನಂತೆ. ಏಕೆ ಹೋದೆ ಎಂದು ನಮ್ಮಪ್ಪ ಕೇಳಿದರೆ, ತಲೆ ಕೆಟ್ಟಿತ್ತು ಹೋದೆ ಎಂದ. ಚಾಳಿಗೆ ಚಾಳೇ ನೆರೆಯಿತು. ವೈನಿ ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದಳು. ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ನಲ್ಲಿ ನಿಲ್ಲಿಸಿದಳು. ಆಮೇಲೆ ಎಲ್ಲರೆದುರು ಅವನ ಹೆಸರು ಹಿಡಿದು ಕರೆದಳು.

"ಏ... ಕೈಕಾಲ ತೊಳಕೊ. ಉಣ್ಣಾಕ ಬಾ."

ಬಿಟ್ಟ ಜಾಗದಲ್ಲಿ ಅವನ ಹೆಸರಿತ್ತು. ನಾನು ಇಲ್ಲಿ ಬರೆಯುವುದಿಲ್ಲ, ಅದು ಅವಳು ಕರೆಯಬೇಕಾದ ಹೆಸರು. ಹೆಂಗಸರು ಬಾಯಿಗೆ ಸೆರಗು ಹಿಡಿದರು, ನಮ್ಮವ್ವನಿಗೆ ಕೆಮ್ಮು ಬಂತು. ಅವನು ಹೋಗಿ ಕೈಕಾಲು ತೊಳೆದುಕೊಂಡ. ಮರುದಿನ ಬೆಳಿಗ್ಗೆ ನಾನು ವೈನಿಯನ್ನು ಹಿಡಿದು ಕೇಳಿದಾಗ ಅವಳು ಹಿಟ್ಟು ನಾದುತ್ತ ಹೇಳಿದಳು:

"ಅವತ್ತ ಹೊಳಿ ದಂಡಿ ಮ್ಯಾಲೆ ಕರದ್ನಿ, ಅಂವ ಸಾಯಲಿಲ್ಲ. ಇನ್ನೇನ ಹೆದರಿಕಿ?"

ಅವತ್ತಿನಿಂದ ಅವಳು ಅವನನ್ನು ಹಾಗೆಯೇ ಕರೆದಳು. ಚಾಳಿನ ಗಂಡಸರು ಅವನನ್ನು ಹಂಗಿಸಿದರು, ಹೆಂಗಸರು ಅವಳಿಗೆ ಬುದ್ಧಿ ಹೇಳಿ ಸೋತರು. ಬೇಸಿಗೆಯ ಹೊತ್ತಿಗೆ ಅವರಿಬ್ಬರೂ ಯಾವುದೋ ಅಣೆಕಟ್ಟಿನ ಕೆಲಸಕ್ಕೆಂದು ಟ್ರಕ್ ಹತ್ತಿ ಹೋದರು. ಟ್ರಕ್ಕಿನಲ್ಲೂ ಅವಳು ನಿಂತೇ ಇದ್ದಳು. ಆಮೇಲೆ ಎಷ್ಟೋ ಭಾನುವಾರ ನಾನು ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದೆ...

ಕಳೆದ ವರ್ಷ ಫೋಂಡಾದ ಬಸ್ ಸ್ಟ್ಯಾಂಡಿನಲ್ಲಿ ವೈನಿಯ ಊರಿನ ಒಬ್ಬರು ಸಿಕ್ಕರು. ಅವನ ಹೆಸರು ಹೇಳಿ, "ಅವನ ಹೇಣ್ತಿ ತೀರಕೊಂಡ್ಲವಾ" ಎಂದರು. ಅಷ್ಟರಲ್ಲಿ ಕುಂಡಯಿ ಬಸ್ಸು ಬಂತು. ಹತ್ತಿ ಹೊರಟೆ. ದುಃಖ ಆ ದಿನ ಬರಲಿಲ್ಲ, ಒಂದು ವರ್ಷ ತಡವಾಗಿ ಗೋದಾಮಿನ ಬಾಗಿಲಲ್ಲಿ ಬಂತು.

ಈ ಭಾನುವಾರ ಒಬ್ಬಳೇ ಖಾಂಡೇಪಾರಕ್ಕೆ ಹೋದೆ. ಈಗ ಸುತ್ತ ಬೇಲಿಯಿದೆ, ಬೋರ್ಡಿದೆ. ಗವಿಯ ಒಳಗೆ ಮಾತ್ರ ಅದೇ ತಂಪು, ಅದೇ ವಾಸನೆ. ಅವಳನ್ನು ಒಮ್ಮೆ ಹೆಸರು ಹಿಡಿದು ಕರೆಯಬೇಕೆನಿಸಿತು. ಬಾಯಿ ತೆರೆದೆ. ಬಾಯಿಗೆ ಬಂದದ್ದು ಮತ್ತೆ ಅವನ ಹೆಸರೇ. ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿ ವೈನಿಯ ಹೆಸರೇನು ಎಂದು ಕೇಳಿದೆ. ಅವ್ವ ಹೇಳಿದಳು:

"ನೀ ವೈನಿ ಅಂತಿದ್ದಿ. ನಾ ತಂಗಿ ಅಂತಿದ್ದೆ. ಹೆಸರ ಯಾರ ಕೇಳ್ಯಾರವಾ?"

ಫೋನು ಇಟ್ಟು, ಗವಿಯೊಳಗೆ ತಲೆ ಹಾಕಿ "ವೈನೀ" ಎಂದು ಕೂಗಿದೆ. ಬಾವಲಿಗಳು ಎದ್ದು ಹೋದವು. ಫೋಂಡಾದ ಯಾವ ಚಾಳಿನಲ್ಲಿ ನಿಂತು ಹಾಗೆ ಕೂಗಿದರೂ ನಾಲ್ಕು ಮನೆಯಿಂದ ಹೆಂಗಸರು ಹೊರಗೆ ಬರುತ್ತಾರೆ. ಅಲ್ಲಿ ಯಾರೂ ಬರಲಿಲ್ಲ.