ಬಿಚ್ಚಿದ ಹೊಲಿಗೆ

ಆಲ್ದೂರಿನ ನಮ್ಮ ಮನೆಗೆ ಹೊಲಿಗೆ ತರುವವರಲ್ಲಿ ಗಂಡಸರು ಕಡಿಮೆ. ಅವತ್ತು ಬಂದವನು ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹಳೆ ಸೀರೆಗಳನ್ನು ಮಡಿಸಿ ಕೈಯಲ್ಲೇ ಅರ್ಧ ಹೊಲಿದಿದ್ದ ಮಗುವಿನ ಪುಟ್ಟ ಕೌದಿಯೊಂದನ್ನು ಮುಂದಿಟ್ಟು, "ಇದನ್ನ ಮುಗಿಸಿಕೊಡ್ತೀರಾ ಅಕ್ಕ?" ಅಂದ.

ನನಗೆ ತಡೆಯಲಾಗಲಿಲ್ಲ. "ಯಾರು ಮಾರಾಯ್ರೆ ಹೊಲಿದಿದ್ದು? ಹಂದಿ ನುಗ್ಗಿದ ಗದ್ದೆ ಥರ ಇದೆ!"

"ನನ್ನ ಹೆಂಡತಿ."

"ಸೂಜಿ ಹಿಡಿಯೋದು ನನ್ನ ಹತ್ರ ಬಂದು ಕಲೀಲಿ ಅಂತ ಹೇಳಿ."

"ಹೂಂ," ಅಂದು ಹೊರಟುಹೋದ.

ನನ್ನ ಕೈಯಿಂದ ಹೋದ ಹೊಲಿಗೆ ಸೊಟ್ಟಗಿರಬಾರದಲ್ಲ. ಅವಳು ಹಾಕಿದ್ದನ್ನೆಲ್ಲ ಬಿಚ್ಚಿ, ದಾರವನ್ನು ಬಚ್ಚಲ ಒಲೆಗೆ ಹಾಕಿ, ಇಡೀ ಕೌದಿಯನ್ನು ಮೆಷಿನ್ನಿನಲ್ಲಿ ಗೆರೆ ಎಳೆದ ಹಾಗೆ ಹೊಲಿದೆ.

ವಾರ ಬಿಟ್ಟು ಬಂದವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಅವಳ ಹೊಲಿಗೆ ಎಲ್ಲಿ ಅಕ್ಕ?"

"ಬಿಚ್ಚಿ ಹಾಕಿದೆ. ಯಾಕೆ, ಮನೆಯವ್ರು ಬೈತಾರಾ?"

"ಅವಳು ಹೆರಿಗೆಯಲ್ಲೇ ಹೋಗ್ಬಿಟ್ಳು. ಹೊಲಿಯೋಕೆ ಬರ್ತಿರಲಿಲ್ಲ, ಮಗೂಗೆ ಅಂತಲೇ ಕಲ್ತಿದ್ಲು. ಅಮ್ಮನ ಕೈಯಿಂದ ಆಗಿದ್ದು ಅಂತ ಮಗಳಿಗೆ ಇದೊಂದೇ ಇತ್ತು."

ಅವನು ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನನ್ನ ನೇರ ಹೊಲಿಗೆಯ ಪಕ್ಕದಲ್ಲಿ ಅವಳ ಸೂಜಿಯ ತೂತುಗಳು ಸೊಟ್ಟಸೊಟ್ಟಗೆ ಸಾಲಾಗಿ ಕಂಡವು. ಬೆರಳಿನಿಂದ ಸವರಿ, "ಇಲ್ಲೇ ಇದೆ ಬಿಡಿ ಅಕ್ಕ," ಅಂದ.

ಒಂದು ಸಲ ಒಗೆದರೆ ಬಟ್ಟೆಯ ಆ ತೂತುಗಳು ಮುಚ್ಚಿಹೋಗುತ್ತವೆ. ಮಗುವಿನ ಕೌದಿಯನ್ನೋ ದಿನಕ್ಕೆರಡು ಸಲ ಒಗೆಯಬೇಕು. ಎಲ್ಲದಕ್ಕೂ ಬಾಯಿ ಹಾಕುವ ನಾನು ಅದೊಂದನ್ನು ಮಾತ್ರ ಅವನಿಗೆ ಹೇಳಲಿಲ್ಲ.