ಹತ್ತು ಗಂಟೆಗೆ ಎರಡು ಕಡೆ ಇದ್ದವನು

ಕೋರ್ಟಿನ ಕಾಂಪೌಂಡು ಗೋಡೆಗೆ ಮೇಜು ಒತ್ತಿಕೊಂಡು ಇಪ್ಪತ್ತೆರಡು ವರ್ಷದಿಂದ ಟೈಪು ಮಾಡುತ್ತಿದ್ದೇನೆ. ಸುಳ್ಳುಗಾರರು ನನಗೆ ಹೊಸಬರಲ್ಲ. ಆದರೆ ಲೈಸನ್ಸಪ್ಪನಂಥ ಸೋಮಾರಿ ಸುಳ್ಳುಗಾರನನ್ನು ಮಾತ್ರ ಬೇರೆ ಕಂಡಿಲ್ಲ. ಸುಳ್ಳು ಹೇಳುವವನು ಒಂದಿಷ್ಟಾದರೂ ತಲೆ ಖರ್ಚು ಮಾಡುತ್ತಾನೆ. ಇವನು ಅದನ್ನೂ ಮಾಡುತ್ತಿರಲಿಲ್ಲ.

ಅವನಿಗಿದ್ದ ಆಸ್ತಿಯೆಂದರೆ ಭಾರಿ ವಾಹನದ ಲೈಸನ್ಸು ಒಂದೇ. ಬೆನ್ನುನೋವಿನ ನೆಪ ಹೇಳಿ ವಾಹನ ಓಡಿಸುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ! ಲೈಸನ್ಸನ್ನು ಮಾತ್ರ ತಪ್ಪದೆ ನವೀಕರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎದೆಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಯಾವನೋ ಮಾಲೀಕನ ಮಗನೋ ಅಳಿಯನೋ ಲೈಸನ್ಸಿಲ್ಲದೆ ಲಾರಿ ಓಡಿಸಿ ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಪರಿಹಾರವೆಲ್ಲ ಮಾಲೀಕನ ತಲೆಗೇ ಬರುತ್ತದೆ. ಆಗ ಮಾಲೀಕ ಎದ್ದುಬಿದ್ದು ಲೈಸನ್ಸಪ್ಪನ ಮನೆಗೆ ಓಡಿಬರುತ್ತಾನೆ. ಇವನು ದುಡ್ಡು ಎಣಿಸಿಕೊಂಡು ಠಾಣೆಗೆ ಹೋಗಿ, ಓಡಿಸುತ್ತಿದ್ದವನು ನಾನೇ ಎಂದು ರುಜು ಹಾಕುತ್ತಾನೆ. ಬೇರೆ ಬೇರೆ ಠಾಣೆ, ಬೇರೆ ಬೇರೆ ವರ್ಷ. ಹೀಗೆ ತಾನು ಕಣ್ಣಿಂದಲೂ ನೋಡದ ನಾಲ್ಕು ಅಪಘಾತಗಳನ್ನು ಮೈಮೇಲೆ ಎಳೆದುಕೊಂಡಿದ್ದ.

"ನಾಚಿಕೆ ಅನ್ನೋದು ಇಲ್ವೇನಯ್ಯಾ ನಿಂಗೆ?" ಎಂದು ಒಮ್ಮೆ ಕೇಳಿದ್ದೆ.

"ನಾನೇನ್ ಯಾರಿಗಾದ್ರೂ ಗುದ್ದಿದೀನಾ ಸಾರ್? ಗುದ್ದಿದೋರು ಆರಾಮಾಗಿದಾರೆ, ಸತ್ತೋರ ಮನೆಗೆ ಕಂಪನಿ ದುಡ್ಡು ಹೋಗುತ್ತೆ. ಎಲ್ರಿಗೂ ಒಳ್ಳೇದೇ ಅಲ್ವಾ?" ಎಂದು ಹಲ್ಲು ಕಿರಿದ.

ಅವನ ಸುಳ್ಳನ್ನೆಲ್ಲ ನಾಲ್ಕು ನಾಲ್ಕು ಪ್ರತಿ ಟೈಪು ಮಾಡಿಕೊಟ್ಟವನು ನಾನೇ. ಮುಂದಿನ ಹಾಳೆ ಏರಿಸಿದೆ.

ಆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಮುಂದೆ ರಸ್ತೆ ದಾಟುವಾಗ ಅವನ ಎಡಪಾದದ ಮೇಲೆ ಒಂದು ಕಾರು ಹರಿಯಿತು. ಕಾರಿನವನೇ ಎತ್ತಿಕೊಂಡು ಹೋಗಿ ಪಟ್ಟಿ ಕಟ್ಟಿಸಿದ, ಠಾಣೆಗೂ ತಿಳಿಸಿದ. ಸಂಜೆ ಇವನು ಮನೆಯಲ್ಲಿ ಕಾಲು ಚಾಚಿ ಕೂತಿರುವಾಗ ಒಬ್ಬ ಲಾರಿ ಮಾಲೀಕ ಬಂದ. ಅವನ ಮಗ ಅದೇ ಬೆಳಿಗ್ಗೆ ದೂರದ ಕಲ್ಲುಗಣಿ ರಸ್ತೆಯಲ್ಲಿ ಒಬ್ಬ ಗಾರೆ ಕೆಲಸದವನ ಮೇಲೆ ಲಾರಿ ಹರಿಸಿ ಕೊಂದಿದ್ದ, ಮಗನಿಗೆ ಲೈಸನ್ಸಿಲ್ಲ. ಬುದ್ಧಿ ನೆಟ್ಟಗಿದ್ದವನು ಅಂದು ಆಗುವುದಿಲ್ಲ ಎನ್ನುತ್ತಿದ್ದ. ಇವನು ಕುಂಟಿಕೊಂಡು ಹೋಗಿ ರುಜು ಹಾಕಿದ. ಕಾಲಿಗೇನಾಯಿತು ಎಂದು ಪೇದೆ ಕೇಳಿದ್ದಕ್ಕೆ, ಲಾರಿಯಿಂದ ಧುಮುಕಿದಾಗ ಉಳುಕಿತು ಎಂದನಂತೆ. ಹೇಳಿಕೆಯಲ್ಲಿ ಹೊತ್ತು ಎಷ್ಟೆಂದು ಬರೆದಿದೆ ಎಂದು ಕಣ್ಣುಹಾಯಿಸಲೂ ಇಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಗಾಯ ಕೊಳೆಯಿತು. ತಿಂಗಳಾಗುವುದರೊಳಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಊರುಗೋಲು ಊರಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ. "ಈ ಸಲ ನಿಜವಾದ ಕೇಸು ಸಾರ್. ನಂದೇ ಕಾಲು. ಚೆನ್ನಾಗಿ ಹೊಡೀರಿ," ಎಂದ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಬಾಯಿಂದ ಬಂದ ನಿಜವನ್ನು ಟೈಪು ಮಾಡಿದೆ. ಗಾರೆಯವನ ಹೆಂಡತಿಯ ಅರ್ಜಿಯನ್ನೂ ಹಿಂದಿನ ವಾರ ನಾನೇ ಮಾಡಿದ್ದೆ. ಎರಡರಲ್ಲೂ ಅದೇ ಬುಧವಾರ, ಅದೇ ಹತ್ತು ಗಂಟೆ. ನನಗೆ ಕಾಣದೆ ಇರಲಿಲ್ಲ. ಬಿದ್ದರೆ ಬೀಳಲಿ ಎಂದುಕೊಂಡೆ.

ಕಾರಿಗೂ ಲಾರಿಗೂ ವಿಮೆ ಇದ್ದದ್ದು ಒಂದೇ ಕಂಪನಿಯಲ್ಲಿ. ಕಂಪನಿಯ ವಕೀಲ, ಬೇರೆಯವರ ಗೋಳು ಕೇಳುತ್ತ ಉಗುರು ಕತ್ತರಿಸಿಕೊಳ್ಳುವಂಥ ಆಸಾಮಿ, ಅಂದು ಎರಡು ಹಾಳೆಗಳನ್ನು ಅಕ್ಕಪಕ್ಕ ಹಿಡಿದುಕೊಂಡು ಎದ್ದ.

"ಆ ದಿನ ಹತ್ತು ಗಂಟೆಗೆ ನೀವು ಲಾರಿ ಓಡಿಸ್ತಿದ್ರಾ, ರಸ್ತೆ ದಾಟ್ತಿದ್ರಾ?"

ಲೈಸನ್ಸಪ್ಪ ಎರಡೂ ಹಾಳೆ ನೋಡಿದ. "ಎರಡೂ ನಿಜ ಸ್ವಾಮಿ," ಎಂದ.

ಇಡೀ ಕೋರ್ಟು ನಕ್ಕಿತು. ಅವನ ವಕೀಲ ಫ್ಯಾನು ನೋಡತೊಡಗಿದ. ನಗದೆ ಇದ್ದವಳು ಹಿಂದಿನ ಬೆಂಚಿನಲ್ಲಿದ್ದ ಗಾರೆಯವನ ಹೆಂಡತಿ ಮಾತ್ರ. ಮುಂದಿನ ಕೇಸು ಅವಳದು. ಇವನು ರಸ್ತೆ ದಾಟುತ್ತಿದ್ದೆ ಎಂದರೆ ಕಾಲಿನ ಪರಿಹಾರ ಇವನಿಗೆ ಸಿಗಬಹುದು, ಅವಳ ಕೇಸಿನಿಂದ ಕಂಪನಿ ಜಾರಿಕೊಳ್ಳುತ್ತದೆ. ಲಾರಿ ಮಾಲೀಕನೋ ಆಗಲೇ ಆಸ್ತಿಯನ್ನೆಲ್ಲ ಬಾಮೈದನ ಹೆಸರಿಗೆ ಬರೆದು ಬರಿಗೈ ತೋರಿಸುತ್ತಿದ್ದ. ಲಾರಿಯಲ್ಲಿದ್ದೆ ಎಂದರೆ ಅವಳಿಗೆ ಸಿಗುತ್ತದೆ, ಇವನ ಕಾಲು ಹೋದದ್ದು ಹೋದಂತೆಯೇ.

"ಲಾರೀಲಿದ್ದೆ ಸ್ವಾಮಿ. ನಾನೇ ಓಡಿಸ್ತಿದ್ದೆ," ಎಂದ.

ಅವಳ ಮೇಲಿನ ಕನಿಕರಕ್ಕೆ ಹಾಗೆಂದ ಎಂದು ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ಈ ಸುಳ್ಳು ಬಿಚ್ಚಿಕೊಂಡರೆ ಹಿಂದಿನ ನಾಲ್ಕೂ ಬಿಚ್ಚಿಕೊಳ್ಳುತ್ತವೆ, ಜೈಲೇ ಗತಿ. ಪುಕ್ಕಲ! ಕಾಲಿನ ದುಡ್ಡು ಬಿಟ್ಟು ತಲೆ ಉಳಿಸಿಕೊಂಡ. ಅವನ ಅರ್ಜಿ ವಜಾ ಆಯಿತು. ಅದೇ ಮಾತು ಹಿಡಿದು ಇವನ ಅರ್ಜಿ ವಜಾ ಮಾಡಿಸಿದ ಕಂಪನಿ, ಅವಳ ಕೇಸಿನಲ್ಲಿ ಲಾರಿಯಲ್ಲಿ ಲೈಸನ್ಸಿದ್ದ ಚಾಲಕನೇ ಇದ್ದನೆಂದು ಒಪ್ಪಿಕೊಳ್ಳಲೇಬೇಕಾಯಿತು.

ಪ್ರತಿಗಳನ್ನು ಕೊಟ್ಟು ನಾನು ವರಾಂಡಕ್ಕೆ ಬಂದಾಗ ಅವನು ಕಂಬಕ್ಕೆ ಒರಗಿ ನಿಂತಿದ್ದ. ಅವಳು ನೇರ ಅವನ ಹತ್ತಿರಕ್ಕೆ ಹೋದಳು. ಉಗಿಯುತ್ತಾಳೆ ಎಂದುಕೊಂಡೆ. ಉಗಿದಿದ್ದರೆ ನನಗೆ ಖುಷಿಯೇ ಆಗುತ್ತಿತ್ತು.

"ನಿನ್ ಮುಖ ನೋಡ್ಬಾರ್ದು ಅಂತಿದ್ದೆ," ಎಂದಳು. "ಒಂದೇ ಮಾತು ಕೇಳ್ತೀನಿ. ಕೊನೇಲಿ ಅವ್ರ ಹತ್ರ ಇದ್ದೋನು ನೀನೊಬ್ನೇ. ಏನಾದ್ರೂ ಅಂದ್ರಾ?"

ಗಾರೆಯವನ ತಲೆಯ ಮೇಲೆಯೇ ಚಕ್ರ ಹರಿದಿತ್ತು. ಸ್ಥಳದಲ್ಲೇ ಸಾವು ಎಂಬ ವೈದ್ಯರ ವರದಿಯ ನಕಲು ಮಾಡಿದವನು ನಾನು. ಅವಳಿಗೆ ಓದು ಬಾರದು. ಲೈಸನ್ಸಪ್ಪ ನನ್ನ ಕಡೆ ನೋಡಿದ. ನಾನು ಮುಖ ತಿರುಗಿಸಿದೆ.

"ನೀರು ಕೇಳಿದ್ರಮ್ಮ," ಎಂದ.

"ಕೊಟ್ಯಾ?"

"ಕೊಟ್ಟೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಅಷ್ಟಾದ್ರೂ ಮಾಡ್ದೆಯಲ್ಲಪ್ಪ," ಎಂದು ಅವನಿಗೆ ಕೈಮುಗಿದಳು.